‘ಇಕ್ತಿಯೋಸಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಧಾರವಾಡದ ಅಂಗನವಾಡಿ ಕಾರ್ಯಕರ್ತೆಯರಿಗೆ ಒಂದು ಪುಟದ ಕೈಪತ್ರ ಬರೆಯುತ್ತಿದ್ದೇನೆ. ವಿಷಯ, ಮಕ್ಕಳಿಗೆ ಹುಟ್ಟಿನಿಂದಲೇ ಬರುವ ಇಕ್ತಿಯೋಸಿಸ್. ಮೈಯೆಲ್ಲ ಒಣಗಿ, ಬಿರಿದು, ಪದರ ಪದರವಾಗಿ ಏಳುತ್ತದೆ. ಗ್ರೀಕಿನಲ್ಲಿ ‘ಇಕ್ತಿಸ್’ ಅಂದರೆ ಮೀನು. ಕರಡು ತಿದ್ದಿದವರು ಅದನ್ನೇ ಹಿಡಿದು ‘ಮತ್ಸ್ಯಚರ್ಮ’ ಅಂತ ಹಾಕಿದರು. ಓದಿದ ಕಾರ್ಯಕರ್ತೆ ಕೇಳಿದ್ದು: “ಮೀನ ತಿಂದ್ರ ಬರ್ತದೇನ್ರೀ ಇದು?”

ನಮ್ಮ ಕಡೆ ಬಾಯಿಗೆ ಬರುವ ಮಾತು ‘ಹಾವಿನ ತೊಗಲು’. ನೋಡಲಿಕ್ಕೆ ಹಾಗೇ ಇರುತ್ತದೆ, ನಿಜ. ಆದರೆ ಹಾವು ಅಂದರೆ ಸಾಕು, ನಾಗದೋಷದ ಮಾತು ಏಳುತ್ತದೆ. ಬಸುರಿಯಿದ್ದಾಗ ತಾಯಿ ಏನು ಮಾಡಿದಳು ಅಂತ ವಿಚಾರಣೆ ಶುರು. ಆ ಪದ ನನಗೆ ಬೇಡವೇ ಬೇಡ. ಇದರ ಹಲವು ಬಗೆಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಿರುತ್ತದೆ, ಅವರ ಮೈಮೇಲೆ ಗುರುತೇ ಇರುವುದಿಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಜಾಸ್ತಿ ಕಾಣೋದು ಅದಕ್ಕೇ. ‘ತುರಿ’, ‘ಕಜ್ಜಿ’ ಕೂಡ ಆಗದು. ಅವು ಅಂಟುತ್ತವೆ, ಇದು ಅಂಟುವುದಿಲ್ಲ.

ನನಗೆ ಹೊಳೆದದ್ದು ‘ಹಕ್ಕಳೆ ತೊಗಲು’. ಗಾಯ ಮಾಯುವಾಗ ಕಟ್ಟುವ ಒಣ ಪದರಕ್ಕೆ ಹಕ್ಕಳೆ ಅನ್ನುತ್ತೇವೆ, ಅಲ್ವಾ? ಈ ಮಕ್ಕಳ ಮೊಣಕಾಲ ಕೆಳಗೆ ನೋಡಿ. ಕಂದು ಬಣ್ಣದ ಬಿಲ್ಲೆಗಳು, ನಡು ಅಂಟಿಕೊಂಡಿರುತ್ತದೆ, ಅಂಚು ಮೇಲೆದ್ದಿರುತ್ತದೆ. ಆದರೆ ಹಕ್ಕಳೆ ಅಂದರೆ ಕೆಳಗೆ ಗಾಯ ಇದೆ ಅನ್ನಿಸುತ್ತದೆಯೇ? ‘ಪೊರೆ’ ಬಳಸಿದರೆ ಮತ್ತೆ ಹಾವೇ ನೆನಪಾದೀತು. ಅದನ್ನು ಬೇರೆ ಕಡೆ ಇಟ್ಟುಕೊಂಡಿದ್ದೇನೆ. ಕೆಲವು ಕೂಸುಗಳು ಹುಟ್ಟುವಾಗ ಮೈಗೆ ಬಿಗಿಯಾದ, ಹೊಳೆಯುವ ಪೊರೆ ಸುತ್ತಿರುತ್ತದೆ, ಕೆಲವು ವಾರಗಳಲ್ಲಿ ಕಳಚುತ್ತದೆ.

ಇನ್ನೊಂದು ಪದ ‘ಸಹವರ್ತಿ ಅಸಹಜತೆಗಳು’. ಹೆತ್ತವಳ ಮುಂದೆ ‘ಅಸಹಜ’ ಅಂತ ಓದಲು ಮನಸ್ಸು ಬರುವುದಿಲ್ಲ. ‘ಕೂಡಿ ಬರುವ ತೊಂದರೆ’ ಅಂತ ಬರೆದಿದ್ದೇನೆ. ಕಣ್ಣರೆಪ್ಪೆ ಹೊರಮಗುಚುವುದು, ಬೆವರು ಸರಿಯಾಗಿ ಬರದೆ ಏಪ್ರಿಲ್ ಬಿಸಿಲಿಗೆ ಮೈ ಕಾದುಬಿಡುವುದು ಇಂಥವು. ನೆದರ್ಟನ್ ಬಗೆಯಲ್ಲಿ ಕೂದಲು ಬಿದಿರಿನ ಗೆಣ್ಣಿನ ಹಾಗೆ ಗಂಟುಗಟ್ಟಿ ಮುರಿಯುತ್ತದೆ. ಸ್ವೀಡನ್ನಿನ ಶೋಗ್ರೆನ್ ಮತ್ತು ಲಾರ್ಸನ್ 1957ರಲ್ಲಿ ವಿವರಿಸಿದ ಬಗೆಯಲ್ಲಿ ಕಾಲು ಸೆಟೆಯುತ್ತದೆ, ಬುದ್ಧಿಯ ಬೆಳವಣಿಗೆ ನಿಧಾನ. ಕಿವಿಯೊಳಗೆ ಪದರ ತುಂಬಿ ಕೇಳಿಸದೆಯೂ ಹೋಗುತ್ತದೆ. ಕರೆದರೆ ತಿರುಗದ ಮಗುವಿಗೆ ಮೊಂಡ ಅನ್ನಬೇಡಿ, ಮೊದಲು ಕಿವಿ ತೋರಿಸಿ ಅಂತ ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಗದಗ, ಹಾವೇರಿ ಕಡೆಯವರು ಈ ಒಣ ಪದರಕ್ಕೆ ‘ಹಕ್ಕಳೆ’ ಅನ್ನುತ್ತೀರೋ ‘ಹುರುಪೆ’ ಅನ್ನುತ್ತೀರೋ? ಮನೆಯ ಹಿರಿಯ ಹೆಂಗಸರನ್ನು ಕೇಳಿ ತಿಳಿಸಿ. ಅಚ್ಚಿಗೆ ಹೋಗುವ ಮೊದಲು ಬೇಕು.