ಕೆಂಪು ಸೀಸೆಯ ಬಂಗಾರ: ಅತ್ತೆಗೆ ಕುಡಿಸಬಹುದೇ?

ಪ್ರಶ್ನೆ: ಡಾಕ್ಟರ್ ಮೇಡಂ, ನಾವು ದಾವಣಗೆರೆಯವರು. ನಮ್ಮ ಅತ್ತೆಗೆ ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ರೊಟ್ಟಿ ತಟ್ಟುವುದಿರಲಿ, ನಲ್ಲಿ ತಿರುಗಿಸಲೂ ಬೆರಳು ಬಗ್ಗುವುದಿಲ್ಲ. ಮಂಡಿಪೇಟೆಯಲ್ಲಿ ಒಬ್ಬರು ‘ನ್ಯಾನೊ ಬಂಗಾರದ ಹನಿ’ ಎಂದು ಕೆಂಪು ನೀರಿನ ಸೀಸೆ ಕೊಟ್ಟಿದ್ದಾರೆ. ಬಂಗಾರ ಎಲ್ಲಾದರೂ ಕೆಂಪಗಿರುತ್ತದೆಯೇ?

ಉತ್ತರ: ಇರುತ್ತದಮ್ಮ. ಚಿನ್ನವನ್ನು 20 ನ್ಯಾನೊಮೀಟರಿನಷ್ಟು, ಅಂದರೆ ಕೂದಲೆಳೆಯ ದಪ್ಪದ ಸುಮಾರು ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣವಾಗಿಸಿದರೆ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲೇ ಇದನ್ನು ತೋರಿಸಿದ್ದ. ಮನೆಯಲ್ಲೇ ಗರ್ಭ ಪರೀಕ್ಷೆ ಮಾಡುವ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆಯೂ ಬಹುಪಾಲು ಇದೇ ಚಿನ್ನ. ಆದರೆ ಬೀಟ್‌ರೂಟ್ ರಸವೂ ಕೆಂಪೇ!

ಸಂಧಿವಾತಕ್ಕೆ ಚಿನ್ನ ಎಂಬುದು ಪೂರ್ತಿ ಕಟ್ಟುಕಥೆಯಲ್ಲ. ಹಿಂದೆ ಚಿನ್ನದ ಲವಣಗಳ ಚುಚ್ಚುಮದ್ದು ಕೊಡುತ್ತಿದ್ದರು. ಅದು ನ್ಯಾನೊ ಕಣವಲ್ಲ. ಮೂತ್ರಪಿಂಡಕ್ಕೂ ರಕ್ತಕಣಗಳಿಗೂ ಪೆಟ್ಟು ಬೀಳುತ್ತಿದ್ದುದರಿಂದ ಪದೇ ಪದೇ ರಕ್ತ, ಮೂತ್ರ ಪರೀಕ್ಷಿಸಬೇಕಿತ್ತು. ಮೆಥೊಟ್ರೆಕ್ಸೇಟ್ ಎಂಬ, ವಾರಕ್ಕೊಮ್ಮೆ ನುಂಗುವ ಮಾತ್ರೆ ಬಂದ ಮೇಲೆ ಅದು ಮೂಲೆ ಸೇರಿತು.

ಪ್ರಶ್ನೆ: ಬಂಗಾರ ಶುದ್ಧ, ಅಡ್ಡ ಪರಿಣಾಮವೇ ಇಲ್ಲ ಎಂದು ಆತ ಹೇಳಿದ. ಅತ್ತೆ ನಂಬಿ, ಎರಡು ವಾರದಿಂದ ಆ ವಾರಕ್ಕೊಮ್ಮೆಯ ಮಾತ್ರೆಯನ್ನೂ ನಿಲ್ಲಿಸಿದ್ದಾರೆ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು! ನನಗೆ ಸೀಸೆಗಿಂತ ಆ ಮಾತ್ರೆಯದೇ ಚಿಂತೆ. ನಿಲ್ಲಿಸಿದರೆ ಊತ ಮರುಕಳಿಸುತ್ತದೆ, ಕೀಲು ಸವೆಯುತ್ತದೆ. ಸವೆದ ಕೀಲು ಮತ್ತೆ ಕೂಡಿಕೊಳ್ಳುವುದಿಲ್ಲ. ಬರೆದುಕೊಟ್ಟ ವೈದ್ಯರನ್ನು ನಾಳೆಯೇ ಕಾಣಿ. ತಪ್ಪಿದ ವಾರಗಳ ಲೆಕ್ಕ ಸರಿದೂಗಿಸಲು ಒಟ್ಟಿಗೆ ನುಂಗಿಸಬೇಡಿ. ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ.

ಇನ್ನು ಶುದ್ಧದ ಮಾತು. ಬೆರಳಿನ ಉಂಗುರ ಬೆರಳಲ್ಲೇ ಇರುತ್ತದೆ, ನ್ಯಾನೊ ಕಣ ಜೀವಕೋಶದೊಳಗೇ ನುಗ್ಗಬಲ್ಲದು. ಪ್ರಾಣಿಗಳ ರಕ್ತಕ್ಕೆ ಚುಚ್ಚಿ ನೋಡಿದಾಗ ಯಕೃತ್ತು, ಗುಲ್ಮಗಳಲ್ಲಿ ತಿಂಗಳುಗಟ್ಟಲೆ ಉಳಿದಿದೆ. ಕಣದ ಗಾತ್ರ ಮತ್ತು ಮೇಲಿನ ಲೇಪ ಬದಲಾದರೆ ವಿಷದ ಗುಣವೂ ಬದಲಾಗುತ್ತದೆ. ಚಿನ್ನ ಹೊದಿಸಿದ ಕಣಗಳನ್ನು ಗಡ್ಡೆಗೆ ಸೇರಿಸಿ, ಲೇಸರಿನಿಂದ ಕಾಯಿಸಿ ಪ್ರಾಸ್ಟೇಟ್ ಕ್ಯಾನ್ಸರ್ ಸುಡುವ ಪ್ರಯೋಗಗಳು ರೋಗಿಗಳ ಮೇಲೆ ನಡೆದಿವೆ. ಅದು ಆಸ್ಪತ್ರೆಯೊಳಗಿನ ಕೆಲಸ, ಸಂತೆಯದಲ್ಲ.

ಸೀಸೆಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇವೆಯೇ?

ಪ್ರಶ್ನೆ: ಒಂದು ಮೊಬೈಲ್ ನಂಬರ್ ಮಾತ್ರ ಇದೆ, ಮೇಡಂ.

ಉತ್ತರ: ಹಾಗಾದರೆ ಕುಡಿಸಬೇಡಿ, ಆದರೆ ಚೆಲ್ಲಲೂಬೇಡಿ. ಅತ್ತೆಯ ಜೊತೆ ಸೀಸೆಯನ್ನೂ ವೈದ್ಯರ ಬಳಿಗೆ ಒಯ್ಯಿರಿ.