ಅನುದಿನದ ಆಹಾರದ ಕುರಿತು ಮಗಳಿಗೆ ಒಂದು ಉತ್ತರ

ಮಗಳೇ, ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನಗೂ ಅಳಿಯಂದಿರಿಗೂ ನಮ್ಮ ಕುಟುಂಬದ ಈ ಗುಂಪಿನಲ್ಲಿರುವ ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ನೀನು ಇಲ್ಲಿ ಬರೆದದ್ದನ್ನು ಓದಿದ ಮೇಲೆ, "ಪ್ರಾರ್ಥಿಸುತ್ತೇವೆ" ಎಂದು ಒಂದು ಸಾಲು ಕಳುಹಿಸಿ ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ. ಉದ್ದವಾದರೂ ಸರಿ, ಬಾಯಿಮಾತಿನಲ್ಲೇ ಹೇಳುತ್ತೇನೆ; ಮಕ್ಕಳು ಮಲಗಿದ ಮೇಲೆ ಕೇಳು. ಅಳಿಯಂದಿರ ಕಂಪನಿ ಮುಚ್ಚಿದೆ, ಮನೆ ಬಾಡಿಗೆ ಬಾಕಿ ನಿಂತಿದೆ, ಶಾಲೆಯ ಎರಡನೇ ಕಂತು ಕಟ್ಟಿಲ್ಲ, ತಿಂಗಳ ಅರ್ಧ ಕಳೆಯುವಷ್ಟರಲ್ಲಿ ಅಕ್ಕಿ ಡಬ್ಬಿಯ ತಳ ಕಾಣುತ್ತದೆ ಎಂದು ಬರೆದಿದ್ದೀ. ಪ್ರಾರ್ಥನಾ ಕೂಟವೊಂದರಲ್ಲಿ ಬೋಧಕರೊಬ್ಬರು, ವಿಶ್ವಾಸ ಸರಿಯಾಗಿರುವ ಮನೆಯಲ್ಲಿ ಕೊರತೆ ಇರುವುದಿಲ್ಲ, ಇರುವುದರಲ್ಲಿ ಮೊದಲು ದೇವರಿಗೆ ಕೊಟ್ಟು ನೋಡು ಎಂದರೆಂದೂ, ಅಂದಿನಿಂದ ನಿನ್ನ ವಿಶ್ವಾಸದ ಮೇಲೆ ನಿನಗೇ ಸಂಶಯ ಹುಟ್ಟಿದೆಯೆಂದೂ ಹೇಳಿದ್ದೀ. ಕೊನೆಗೆ, ವಾರದ ಕಂತಿನ ಸಾಲ ತೆಗೆದುಕೊಳ್ಳಲೇ ಎಂದು ಕೇಳಿದ್ದೀ.

ಸಾಲದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಬೋಧಕರ ಮಾತನ್ನು ನಿನ್ನ ಎದೆಯಿಂದ ಇಳಿಸಬೇಕು, ಏಕೆಂದರೆ ಹಸಿವಿಗಿಂತ ಹೆಚ್ಚಾಗಿ ಅದೇ ನಿನ್ನನ್ನು ತಿನ್ನುತ್ತಿದೆ ಎಂದು ನನಗೆ ತೋರುತ್ತದೆ. ಒಂದನೆಯ ಅರಸುಗಳ ಗ್ರಂಥದ ಹದಿನೇಳನೇ ಅಧ್ಯಾಯವನ್ನು ತೆರೆದು ನೋಡು. ಪ್ರವಾದಿಯಾದ ಎಲೀಯನು ದೇವರ ಮಾತಿನಂತೆಯೇ ಅರಸನಾದ ಅಹಾಬನ ಮುಂದೆ ಬರಗಾಲವನ್ನು ಸಾರಿದನು, ದೇವರ ಮಾತಿನಂತೆಯೇ ಕೆರೀತ್ ಹಳ್ಳದ ಬಳಿ ಹೋಗಿ ಅಡಗಿಕೊಂಡನು, ಬೆಳಿಗ್ಗೆ ಸಂಜೆ ಕಾಗೆಗಳು ತಂದುಕೊಟ್ಟ ರೊಟ್ಟಿಯನ್ನೂ ಮಾಂಸವನ್ನೂ ತಿಂದು ಹಳ್ಳದ ನೀರು ಕುಡಿದನು. ಆಮೇಲೆ ಏನಾಯಿತು? ಮಳೆಯಿಲ್ಲದ್ದರಿಂದ ಹಳ್ಳ ಬತ್ತಿಹೋಯಿತು. ಎಲೀಯನ ಪ್ರಾರ್ಥನೆ ಕಡಿಮೆಯಾಯಿತೆಂದಾಗಲಿ ವಿಶ್ವಾಸ ಕುಂದಿತೆಂದಾಗಲಿ ಅಲ್ಲಿ ಒಂದಕ್ಷರವೂ ಇಲ್ಲ. ದೇಶಕ್ಕೆಲ್ಲ ಬಂದ ಬರ ಪ್ರವಾದಿಯ ಹಳ್ಳಕ್ಕೂ ಬಂದಿತು, ಅಷ್ಟೇ. ಕಂಪನಿ ಮುಚ್ಚಿದಾಗ ಅಳಿಯಂದಿರ ಜೊತೆಗೆ ಕೆಲಸ ಕಳೆದುಕೊಂಡವರಲ್ಲಿ ದೇವರನ್ನು ನಂಬಿದವರೂ ಇದ್ದರು, ನಂಬದವರೂ ಇದ್ದರು. ಬೀಗ ಹಾಕುವವರು ಯಾರ ವಿಶ್ವಾಸವನ್ನೂ ಅಳೆದು ನೋಡಿ ಹಾಕಲಿಲ್ಲ.

ಹಳ್ಳ ಬತ್ತಿದ ಮೇಲೆ ದೇವರು ಎಲೀಯನನ್ನು ಕಳುಹಿಸಿದ್ದು ಉಳ್ಳವರ ಮನೆಗಲ್ಲ, ಸೀದೋನಿನ ಚಾರೆಪ್ತದಲ್ಲಿದ್ದ ಒಬ್ಬ ವಿಧವೆಯ ಮನೆಗೆ. ಆಕೆ ಊರ ಬಾಗಿಲಲ್ಲಿ ಕಟ್ಟಿಗೆ ಆರಿಸುತ್ತಿದ್ದಳು; ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ, ಅದನ್ನು ಸುಟ್ಟು ಮಗನೊಂದಿಗೆ ತಿಂದು ಸಾಯುವುದೆಂದು ನಿಶ್ಚಯಿಸಿಕೊಂಡಿದ್ದಳು. ಮೊದಲು ನನಗೆ ಒಂದು ಚಿಕ್ಕ ರೊಟ್ಟಿ ಮಾಡಿಕೊಡು ಎಂದು ಎಲೀಯನು ಕೇಳಿದ್ದನ್ನೇ ಹಿಡಿದುಕೊಂಡು, ಬಡವರ ಕೈಯಲ್ಲಿರುವ ಕೊನೆಯ ನೋಟನ್ನೂ ಬಿತ್ತನೆಯ ಕಾಣಿಕೆಯೆಂದು ಕೇಳುವವರಿದ್ದಾರೆ. ಆದರೆ ಎಲೀಯನು ರೊಟ್ಟಿ ಪಡೆದುಕೊಂಡು ಮುಂದಿನ ಊರಿಗೆ ಹೊರಟುಹೋಗಲಿಲ್ಲ. ಅವನೂ ಹಸಿದವನೇ, ಅದೇ ಮನೆಯ ಮಾಳಿಗೆಯಲ್ಲಿ ಉಳಿದು, ಅದೇ ಮಡಕೆಯ ಹಿಟ್ಟನ್ನು ಅವರೊಂದಿಗೆ ಉಂಡನು, ಆಕೆಯ ಮಗ ಉಸಿರು ನಿಂತು ಮಲಗಿದಾಗ ಆ ಹುಡುಗನನ್ನು ಎತ್ತಿಕೊಂಡು ಹೋಗಿ ದೇವರಿಗೆ ಮೊರೆಯಿಟ್ಟನು. ನಿನ್ನಿಂದ ಕಾಣಿಕೆ ಕೇಳಿದವರು ನಿನ್ನ ಮನೆಯಲ್ಲಿ ಕುಳಿತು ಒಂದು ಹೊತ್ತು ಗಂಜಿ ಕುಡಿದಿದ್ದಾರೆಯೇ? ವಿಧವೆಯರ ಮನೆಗಳನ್ನು ನುಂಗುವವರನ್ನು ಕರ್ತನು ಖಂಡಿಸಿದ ಮಾತು ಮಾರ್ಕನ ಸುವಾರ್ತೆಯಲ್ಲಿ ಬಡ ವಿಧವೆಯ ಎರಡು ಕಾಸುಗಳ ಪ್ರಸಂಗಕ್ಕೆ ಹೊಂದಿಕೊಂಡೇ ಇದೆ. ಎರಡನ್ನೂ ಸೇರಿಸಿ ಓದಬೇಕು. ಅಕ್ಕಿಗಿರುವ ಹಣವನ್ನು ಯಾರಿಗೂ ಕೊಡಬೇಡ. ಮಕ್ಕಳಿಗೆ ಅನ್ನ ಹಾಕುವುದೂ ಈಗ ನಿನ್ನ ಕಾಣಿಕೆಯೇ.

ಆ ಮಡಕೆಯ ವಿಷಯದಲ್ಲಿ ಇನ್ನೊಂದು ಮಾತು. ಅದು ಎಂದಾದರೂ ತುಂಬಿ ತುಳುಕಿತೆಂದು ಬರೆದಿಲ್ಲ. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ ಎಂದಷ್ಟೇ ಇದೆ. ಅಂದರೆ ಆಕೆ ಪ್ರತಿದಿನವೂ ತಳ ಕಾಣುವ ಮಡಕೆಗೇ ಕೈ ಹಾಕಿರಬೇಕು, ಪ್ರತಿದಿನವೂ ಸ್ವಲ್ಪ ಭಯಪಟ್ಟಿರಲೂಬಹುದು. ನಿನ್ನ ಡಬ್ಬಿಯ ತಳವನ್ನು ನೋಡಿ ನಿನಗೆ ಭಯವಾಗುತ್ತದೆ ಎಂದು ಬರೆದಿದ್ದೀಯಲ್ಲ, ಆ ಭಯ ಬಂದ ಮಾತ್ರಕ್ಕೆ ವಿಶ್ವಾಸ ಹೋಯಿತೆಂದು ತಿಳಿಯಬೇಡ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನವೂ ಹಾಗೆಯೇ ಅಂದಂದಿನದು: ತಲೆಗೆ ಓಮೆರು ಎಂಬ ಒಂದು ಅಳತೆಯಷ್ಟು, ಮರುದಿನಕ್ಕೆಂದು ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು, ವಿಶ್ರಾಂತಿಯ ದಿನವಾದ ಸಬ್ಬತ್ತಿಗಾಗಿ ಮಾತ್ರ ಹಿಂದಿನ ದಿನ ಎರಡರಷ್ಟು. ಅಳೆದು ನೋಡಿದಾಗ ಬಹಳ ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಸ್ವಲ್ಪ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ ಎಂಬ ಮಾತು ಅಲ್ಲಿದೆ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಇದೇ ಮಾತನ್ನು ಎತ್ತಿ ಹೇಳುತ್ತಾನೆ, ಯಾವ ಸಂದರ್ಭದಲ್ಲಿ ಗೊತ್ತೇ? ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವ ಸಂದರ್ಭದಲ್ಲಿ. ಆಕಾಶದಿಂದ ಬಿದ್ದ ಮನ್ನದ ಲೆಕ್ಕವನ್ನು ಅವನು ಕ್ರೈಸ್ತ ಸಭೆಯವರ ಕೈಚೀಲಕ್ಕೆ ಅನ್ವಯಿಸಿದನು. ಇದನ್ನು ನಿನಗಿಂತ ಹೆಚ್ಚಾಗಿ ಈ ಗುಂಪಿನಲ್ಲಿರುವ ನಾವೆಲ್ಲರೂ ಕೇಳಿಸಿಕೊಳ್ಳಬೇಕು.

ನಿನ್ನ ದೊಡ್ಡ ಮಾವ ಬೆಳಿಗ್ಗೆ ಗುಂಪಿನಲ್ಲಿ ಜಾರ್ಜ್ ಮುಲ್ಲರ್ ಅವರ ಉದಾಹರಣೆ ಕೊಟ್ಟು, ಕಷ್ಟವನ್ನು ಮನುಷ್ಯರಿಗೆ ಹೇಳಬೇಡ, ದೇವರಿಗೆ ಮಾತ್ರ ಹೇಳು ಎಂದಿದ್ದಾರೆ. ನನ್ನ ಅಣ್ಣನಾದ ಅವರ ಭಕ್ತಿಯ ಬಗ್ಗೆ ನನಗೆ ಬಹಳ ಗೌರವವಿದೆ, ಆದರೂ ಈ ಮಾತನ್ನು ಹಾಗೆಯೇ ಬಿಡಲಾರೆ. ಇಂದಿನ ಜರ್ಮನಿಯಲ್ಲಿರುವ ಪ್ರಷ್ಯದಲ್ಲಿ 1805ರಲ್ಲಿ ಹುಟ್ಟಿದ ಮುಲ್ಲರ್ ಅವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ ಅನಾಥ ಮಕ್ಕಳ ಮನೆಯನ್ನು ಆರಂಭಿಸಿದರು; ಮುಂದೆ ಆಶ್ಲಿ ಡೌನ್ ಎಂಬಲ್ಲಿ ಐದು ದೊಡ್ಡ ಕಟ್ಟಡಗಳೆದ್ದವು, 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಆ ಆಶ್ರಯದಲ್ಲಿ ಬೆಳೆದಿದ್ದರು. ಯಾರ ಬಳಿಯೂ ಹಣ ಕೇಳುವುದಿಲ್ಲ, ಸಾಲ ಮಾಡುವುದಿಲ್ಲ ಎಂಬುದು ಅವರ ನಿರ್ಧಾರವಾಗಿತ್ತು, ಮರುದಿನದ ಊಟಕ್ಕೆ ಕೈಯಲ್ಲಿ ಕಾಸಿಲ್ಲದ ದಿನಗಳನ್ನೂ ಅವರು ಕಂಡರು, ಇದೆಲ್ಲವೂ ನಿಜ. ಆದರೆ ಆ ಮನೆಯನ್ನು ತೆರೆಯುವ ಮೊದಲು, 1835ರ ಡಿಸೆಂಬರಿನಲ್ಲಿ, ಅವರು ಸಾರ್ವಜನಿಕ ಸಭೆಯನ್ನೇ ಸೇರಿಸಿ ತಮ್ಮ ಉದ್ದೇಶವನ್ನು ತಿಳಿಸಿದ್ದರು. ಬಂದ ಹಣಕ್ಕೂ ಖರ್ಚಾದ ಹಣಕ್ಕೂ ಲೆಕ್ಕವಿಟ್ಟು ವರದಿಗಳನ್ನು ಅಚ್ಚುಹಾಕಿಸುತ್ತಿದ್ದರು. ದೇವರು ಇಂದಿಗೂ ನಂಬಿಗಸ್ತನು ಎಂಬುದನ್ನು ಇತರ ವಿಶ್ವಾಸಿಗಳು ಕಣ್ಣಾರೆ ಕಾಣಲಿ ಎಂದು ಅವರು ತಮ್ಮ ಮೇಲೆ ತಾವೇ ಹಾಕಿಕೊಂಡ ವ್ರತ ಅದು. ಹಸಿದವರ ಬಾಯಿ ಮುಚ್ಚಿಸಲು ಮಾಡಿದ ಕಟ್ಟಳೆಯಲ್ಲ. ಆ ಮಕ್ಕಳಿಗೆ ಊಟ ಬಂದದ್ದೂ ಮನುಷ್ಯರ ಕೈಯಿಂದಲೇ. ಅನುದಿನದ ಆಹಾರಕ್ಕಾಗಿ ದೇವರನ್ನು ನಂಬುವುದೆಂದರೆ, ಅದು ಯಾವ ಬಾಗಿಲಿನಿಂದ ಬರಬೇಕೆಂಬುದನ್ನೂ ಆತನಿಗೇ ಬಿಟ್ಟುಕೊಡುವುದು ಎಂದು ನಾನು ತಿಳಿದುಕೊಂಡಿದ್ದೇನೆ. ನೆಂಟರ ಬಾಗಿಲನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಪ್ರಾರ್ಥಿಸುವುದು ಸರಿಯಲ್ಲ.

ನಿನಗೆ ತಿಳಿಯದ ಒಂದು ಸಂಗತಿ ನಮ್ಮ ಮನೆಯಲ್ಲೇ ನಡೆದಿದೆ. ನಿನ್ನ ಅಜ್ಜಿ ಪ್ರತಿದಿನ ಕುಚ್ಚಲಕ್ಕಿಯನ್ನು ಪಾವಿನಲ್ಲಿ ಅಳೆದ ಮೇಲೆ, ತೊಳೆಯುವುದಕ್ಕೆ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಹಲಗೆಯ ಮೇಲಿದ್ದ ತಗಡಿನ ಡಬ್ಬಿಗೆ ಹಾಕುತ್ತಿದ್ದರು. ಅದಕ್ಕೆ ನಾವು ಹಿಡಿ ಅಕ್ಕಿ ಎನ್ನುತ್ತಿದ್ದೆವು. ಮಿಜೋರಾಮಿನ ಸಭೆಗಳಲ್ಲಿ ಈ ಪದ್ಧತಿ ಇಂದಿಗೂ ದೊಡ್ಡದಾಗಿ ನಡೆಯುತ್ತದೆ. ಡಬ್ಬಿ ತುಂಬಿದಾಗ ಅದು ಸಭೆಗೆ ಹೋಗುತ್ತಿತ್ತು, ಅಲ್ಲಿಂದ ಯಾರ ಮನೆಗೆ ಹೋಗುತ್ತದೆಂದು ಮಕ್ಕಳಾದ ನಮಗೆ ಯಾರೂ ಹೇಳುತ್ತಿರಲಿಲ್ಲ. ಅಜ್ಜನು ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ನಿಂತುಹೋದ ವರ್ಷ, ಮಳೆಗಾಲದಲ್ಲಿ, ಒಂದು ಚೀಲ ಅಕ್ಕಿ ನಮ್ಮ ಮನೆಯ ಹಿಂಬಾಗಿಲಿಗೆ ಬಂದಿತು. ಹಲವು ಮನೆಗಳ ಅಕ್ಕಿ ಅದು. ಕೆಂಪು ಕುಚ್ಚಲು, ಬೆಳ್ತಿಗೆ, ನುಚ್ಚು ಎಲ್ಲವೂ ಬೆರೆತಿದ್ದರಿಂದ ಒಂದೇ ಹದಕ್ಕೆ ಬೇಯುತ್ತಿರಲಿಲ್ಲ, ಬೆಳ್ತಿಗೆ ಕರಗಿ ಗಂಜಿಯಾಗುವಾಗ ಕೆಂಪಕ್ಕಿ ಇನ್ನೂ ಹಲ್ಲಿಗೆ ಸಿಗುತ್ತಿತ್ತು. ಅಜ್ಜಿ ಆ ಚೀಲದಿಂದಲೂ ಅಳೆದು, ಅದರಿಂದಲೂ ಒಂದು ಹಿಡಿಯನ್ನು ಡಬ್ಬಿಗೆ ಹಾಕುವುದನ್ನು ನಾನು ನೋಡಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದು, ರಾತ್ರಿ ಹೊಗೆಸೊಪ್ಪಿನ ವಾಸನೆಯ ಕೈಗಳನ್ನೇ ಜೋಡಿಸಿ ಪ್ರಾರ್ಥನೆ ಮಾಡಿಸುತ್ತಿದ್ದರು. ಕರ್ತನ ಪ್ರಾರ್ಥನೆಯಲ್ಲಿ ಆಹಾರದ ಮಾತು ಬಂದಾಗ ಅವರ ಸ್ವರ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

ನಮ್ಮ ಊರಿನ ಸಭೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರಿಸ್ತನನ್ನು ನಂಬಿದ ಅನೇಕರು ಮನೆ, ಜಮೀನು, ಕುಲಕಸುಬು ಎಲ್ಲವನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿ ನೇಯ್ಗೆ ಬಂದಿತು, ಅಚ್ಚುಕೂಟ ಬಂದಿತು, 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿಯ ಮೂಲಕ ಹಂಚಿನ ಕಾರ್ಖಾನೆಯೂ ಬಂದಿತು. ಹಾಗೆ ಆರಂಭವಾದ ಹಂಚಿನ ಕೆಲಸವೇ ಅಜ್ಜನವರೆಗೂ ಎಷ್ಟೋ ಮನೆಗಳ ಅನ್ನವಾಯಿತು.

ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದ ವಾಕ್ಯವಿದೆ, ನನ್ನ ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನು ನೀಗಿಸುವನು ಎಂದು. ಅದು ನನಗೂ ಬಹಳ ಪ್ರಿಯವಾದ ವಾಕ್ಯ. ಅದನ್ನು ಬರೆದಾಗ ಪೌಲನು ಸೆರೆಯಲ್ಲಿದ್ದನು. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ ಸಹಾಯ ಆಗಷ್ಟೇ ಅವನಿಗೆ ತಲಪಿತ್ತು. ತೃಪ್ತನಾಗಿರುವುದನ್ನು, ಹಸಿದಿರುವುದನ್ನು ಕಲಿತುಕೊಂಡಿದ್ದೇನೆ ಎಂದು ಹೇಳಿದ ಅದೇ ಉಸಿರಿನಲ್ಲಿ, ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತು ಎಂದೂ ಹೇಳುತ್ತಾನೆ. ಸಹಾಯ ಪಡೆಯುವುದಕ್ಕೆ ಪೌಲನಿಗೆ ಇಲ್ಲದ ಸಂಕೋಚ ನಿನಗೇಕೆ, ಮಗಳೇ?

ಈಗ ಸಾಲದ ಮಾತು. ಆ ವಾರದ ಕಂತಿನ ಸಾಲ ಬೇಡ. ವಾರಕ್ಕೊಮ್ಮೆ ಬರುವ ಸಂಬಳವಿಲ್ಲದಿರುವಾಗ ವಾರಕ್ಕೊಮ್ಮೆ ಕಟ್ಟುವ ಕಂತನ್ನು ಹೊತ್ತುಕೊಂಡರೆ, ಅದನ್ನು ತೀರಿಸಲು ಇನ್ನೊಂದು ಸಾಲ, ಆಮೇಲೆ ಮೀಟರ್ ಬಡ್ಡಿ, ಹೀಗೆ ಎಷ್ಟೋ ಕುಟುಂಬಗಳು ಊರು ಬಿಟ್ಟುಹೋದದ್ದನ್ನು ಕೇಳಿದ್ದೇವೆ. ಬಲವಂತದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಎಲೀಯನ ನಂತರ ಪ್ರವಾದಿಯಾದ ಎಲೀಷನ ಕಾಲದಲ್ಲಿಯೂ ಸಾಲ ಕೊಟ್ಟವನು ಒಬ್ಬ ವಿಧವೆಯ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದನು. ಆಗ ಎಲೀಷನು ಆಕೆಯನ್ನು ಕೇಳಿದ್ದು, ನಿನ್ನ ಮನೆಯಲ್ಲಿ ಏನಿದೆ ಎಂದು. ಆಮೇಲೆ ಹೇಳಿದ್ದು, ನೆರೆಹೊರೆಯವರ ಬಳಿಗೆ ಹೋಗಿ ಬರಿದಾದ ಪಾತ್ರೆಗಳನ್ನು ಕೇಳಿಕೊಂಡು ಬಾ ಎಂದು.

ನಾನೂ ಅದನ್ನೇ ಕೇಳುತ್ತೇನೆ. ಅಳಿಯಂದಿರ ಪಿ.ಎಫ್. ಹಣಕ್ಕೆ ಅರ್ಜಿ ಹಾಕಿದ್ದಾರೆಯೇ? ಆ ಕಂಪನಿಯಲ್ಲಿ ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿಯೂ ಅವರ ಹಕ್ಕು, ಅದನ್ನು ಕೇಳಿ ಪಡೆಯಬೇಕು. ನಿಮ್ಮ ಪಡಿತರ ಚೀಟಿ ಊರಿನದೇ ಆಗಿದ್ದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತರಬಹುದು. ಸಾಲಿನಲ್ಲಿ ನಿಲ್ಲಲು ನಾಚಬೇಡ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಬರ ಬಂದಾಗ ಯಾಕೋಬನ ಮನೆಯವರು ಉಂಡದ್ದು ಯೋಸೇಫನು ಫರೋಹನ ಕಣಜಗಳಲ್ಲಿ ಕೂಡಿಸಿಟ್ಟಿದ್ದ ಧಾನ್ಯವನ್ನೇ, ಅದನ್ನು ದೇವರ ಏರ್ಪಾಡೆಂದೇ ಯೋಸೇಫನು ತನ್ನ ಅಣ್ಣಂದಿರಿಗೆ ಹೇಳಿದನು. ನಿನ್ನ ಹೊಲಿಗೆ ಯಂತ್ರ ಮೂಲೆಯಲ್ಲಿದೆ ಎಂದು ನಿನ್ನ ಅಮ್ಮ ಹೇಳಿದಳು. ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿ ನನಗೆ ತಿಳಿಸು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ದಿನಗಳು ಕಷ್ಟವಾಗಿಯೇ ಇರುತ್ತವೆ, ಮಗಳೇ. ನಾಳೆಯೇ ಕೆಲಸ ಸಿಗುತ್ತದೆ ಎಂದು ನಾನು ನಿನಗೆ ಮಾತು ಕೊಡಲಾರೆ; ದೇವರ ಹೆಸರಿನಲ್ಲಿ ಹಾಗೆ ಮಾತು ಕೊಡುವ ಅಧಿಕಾರ ನನಗಿಲ್ಲ. ಅಂಜೂರ ಚಿಗುರದೆ, ಹೊಲ ಆಹಾರ ಕೊಡದೆ, ಹಟ್ಟಿಯಲ್ಲಿ ದನಗಳಿಲ್ಲದೆ ಹೋದಾಗಲೂ ಕರ್ತನಲ್ಲಿ ಉಲ್ಲಾಸಿಸುವೆನು ಎಂದ ಪ್ರವಾದಿ ಹಬಕ್ಕೂಕನು ಆ ಮಾತು ಹೇಳಿದಾಗ ಅವನ ಹಟ್ಟಿಗೆ ದನ ಬಂದಿರಲಿಲ್ಲ. ಆ ಪ್ರಾರ್ಥನೆ ಬಾಯಿಗೆ ಬಾರದ ರಾತ್ರಿ ನೀನು ಸುಮ್ಮನೆ ಅತ್ತರೂ ಸಾಕು, ನಿನ್ನ ಪಾಲಿನದನ್ನು ನಾವು ಇಲ್ಲಿಂದ ಪ್ರಾರ್ಥಿಸುತ್ತೇವೆ.

ಗುಂಪಿನಲ್ಲಿರುವ ಉಳಿದವರಿಗೆ ನನ್ನ ವಿನಂತಿ ಇಷ್ಟೇ. ಬಟ್ಟೆಯೂ ಆಹಾರವೂ ಇಲ್ಲದ ಸಹೋದರ ಸಹೋದರಿಯರಿಗೆ ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿರಿ ಎಂದು ಹೇಳಿ ಕಳುಹಿಸಿದರೆ ಪ್ರಯೋಜನವೇನು ಎಂದು ಹೊಸ ಒಡಂಬಡಿಕೆಯ ಪತ್ರದಲ್ಲಿ ಯಾಕೋಬನು ಕೇಳಿದ್ದಾನೆ, ಆದ್ದರಿಂದ ದಯವಿಟ್ಟು ಕೈಮುಗಿದ ಚಿತ್ರಗಳನ್ನು ಮಾತ್ರ ಕಳುಹಿಸಿ ಮುಗಿಸಬೇಡಿ. ಮಗಳೇ, ಶಾಲೆಯ ಕಂತನ್ನು ನಾನೂ ನಿನ್ನ ದೊಡ್ಡಪ್ಪನೂ ಕಟ್ಟುತ್ತೇವೆ, ಚಲನಿನ ಫೋಟೋವನ್ನು ನನ್ನ ನಂಬರಿಗೆ ಪ್ರತ್ಯೇಕವಾಗಿ ಕಳುಹಿಸು. ಬಾಡಿಗೆಯ ವಿಷಯ ಅಣ್ಣನ ಜೊತೆ ಈಗಷ್ಟೇ ಫೋನಿನಲ್ಲಿ ಮಾತನಾಡಿದೆ, ಅವರು ಮನೆಯ ಮಾಲೀಕರನ್ನು ತಾವೇ ಭೇಟಿಯಾಗುತ್ತಾರಂತೆ. ಬೆಂಗಳೂರಿನಲ್ಲಿರುವ ತಮ್ಮಂದಿರಲ್ಲಿ ಯಾರಿಗೆ ಈ ವಾರ ಅಕ್ಕಿ, ಬೇಳೆ, ಎಣ್ಣೆ ತಲಪಿಸಲು ಆಗುತ್ತದೆಯೋ ಅವರು ಇಂದು ರಾತ್ರಿಯೊಳಗೆ ನನಗೆ ಹೇಳಿ. ಶನಿವಾರದೊಳಗೆ ಅದು ಅವಳ ಮನೆಗೆ ಹೋಗಿರಬೇಕು.