ಅಪ್‌ಡೇಟ್: ತಂಗಿಯ ಹೆಸರಿನ ನಕಲಿ ಇನ್‌ಸ್ಟಾಗ್ರಾಂ ಖಾತೆ ಕೊನೆಗೂ ಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಪಿಯುಸಿ ಓದುವ ನನ್ನ ತಂಗಿಯ ಫೋಟೋ ಹಾಕಿ ಯಾರೋ ನಕಲಿ ಖಾತೆ ಮಾಡಿ ಗೇಲಿ ಮಾಡುತ್ತಿದ್ದಾರೆ, ಏನು ಮಾಡಲಿ ಅಂತ. ಆ ಖಾತೆ ನಿನ್ನೆ ಮಾಯವಾಗಿದೆ.

ಬೈದು ಮೆಸೇಜ್ ಹಾಕಿ ಅಂದವರ ಮಾತು ಕೇಳಿ ಕೆಟ್ಟೆ. ನನ್ನ ಬೈಗುಳವನ್ನೇ ಸ್ಟೋರಿ ಮಾಡಿ ಹಾಕಿದರು! ಅವಳ ಗೆಳತಿಯರೆಲ್ಲ ಸೇರಿ ರಿಪೋರ್ಟ್ ಹೊಡೆದದ್ದೂ ಸುಮ್ನೆ. ಎಷ್ಟು ಜನ ರಿಪೋರ್ಟ್ ಮಾಡಿದರು ಅನ್ನುವುದು ಲೆಕ್ಕಕ್ಕಿಲ್ಲವಂತೆ.

ಕೆಲಸ ಮಾಡಿದ್ದು 'ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಅವಳೇ ರಿಪೋರ್ಟ್ ಮಾಡಲಿ' ಅಂದವರ ಸಲಹೆ. ಪ್ರೊಫೈಲ್ ಲಿಂಕ್, ತಾರೀಖು ಎಲ್ಲ ತೆಗೆದಿಟ್ಟುಕೊಂಡೆವು, ಖಾತೆ ಅಳಿಸಿದ ಮೇಲೆ ಸಾಕ್ಷಿ ಸಿಗುವುದಿಲ್ಲ ಅಲ್ವಾ. ನಂತರ ಅವಳೇ 'ನನ್ನ ಹೆಸರಲ್ಲಿ ನಟಿಸುತ್ತಿದ್ದಾರೆ' ಅಂತ ದೂರು ಕೊಟ್ಟಳು. ಅದೇ ಸ್ಕ್ರೀನ್‌ಶಾಟ್‌ಗಳನ್ನು ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ಗೂ ಹಾಕಿದ್ದೇವೆ.

ಗೊತ್ತೇ ಇರದಿದ್ದ ವಿಷಯ: 'ರಿಸ್ಟ್ರಿಕ್ಟ್' ಅನ್ನುವ ಆಯ್ಕೆ. ಬ್ಲಾಕ್ ಮಾಡಿದರೆ ಎದುರಿನವರಿಗೆ ಸುಳಿವು ಸಿಗುತ್ತದೆ. ಇದರಲ್ಲಿ ಅವರ ಹೊಸ ಕಾಮೆಂಟ್ ಅವರಿಗಷ್ಟೇ ಕಾಣುತ್ತದೆ, ಪಾಪ! ಮಕ್ಕಳ ಸಹಾಯವಾಣಿ 1098ಕ್ಕೂ ಇಂಥದ್ದಕ್ಕೆ ಫೋನ್ ಮಾಡಬಹುದಂತೆ. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ತಂಗಿ ಖಾತೆಯನ್ನು ಪ್ರೈವೇಟ್ ಮಾಡಿದ್ದಾಳೆ. ನಿನ್ನೆ ರಾತ್ರಿ ಸರಿಯಾಗಿ ಊಟ ಮಾಡಿದಳು.